ನನ್ನ ಹೆಂಡತಿಯ ನಗುವಿಗೆ ನಾಲ್ಕು ಅಂಕ ಕೊಟ್ಟ ಯಂತ್ರಕ್ಕೆ

ನಗುವಿನ ಸಂಶೋಧನಾಲಯದ ಎರಡನೆಯ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ತಣ್ಣನೆಯ ಕೋಣೆಯಲ್ಲಿ, ಹಸಿರು ದೀಪ ಹೊತ್ತಿಸಿಕೊಂಡು ವಿರಾಜಮಾನರಾಗಿರುವ ಶ್ರೀಮಾನ್ ನಗುಮಾಪಕ ಯಂತ್ರದವರ ಪಾದಗಳಿಗೆ (ಪಾದಗಳಿರುವಲ್ಲಿ ನಾಲ್ಕು ರಬ್ಬರ್ ಚಕ್ರಗಳಿವೆಯೆಂದು ಬಲ್ಲೆ, ಅವುಗಳಿಗೂ) ಬೀಗದ ಮಾಮನ ನಡು ಬಗ್ಗಿಸಿದ ನಮಸ್ಕಾರಗಳು.

ಮಾನ್ಯರೇ,

ಪ್ರಪಂಚದಲ್ಲಿ ನಗುವನ್ನು ಕಂಡುಹಿಡಿದವನು ನಾನು. ನನಗಿಂತ ಮೊದಲು ನಮ್ಮ ಬೀದಿಯ ಜನ ಬಾಯಿ ತೆರೆಯುತ್ತಿದ್ದದ್ದು ಆಕಳಿಸಲಿಕ್ಕೆ, ಸೀನಲಿಕ್ಕೆ ಮತ್ತು ಮನೆ ಬಾಡಿಗೆ ಏರಿತೆಂದು ಗೊಣಗಲಿಕ್ಕೆ ಮಾತ್ರ. ಹಲ್ಲುಗಳಿಗೆ ಅಗಿಯುವುದರಾಚೆಗೂ ಒಂದು ಉದ್ಯೋಗ ಉಂಟೆಂದು ಅವರಿಗೆ ತೋರಿಸಿಕೊಟ್ಟವನು ಈ ಪತ್ರದ ಕೊನೆಗೆ ಸಹಿ ಹಾಕಿರುವ ಇದೇ ಮಹಾಶಯ. ಇಷ್ಟು ದೊಡ್ಡ ಮನುಷ್ಯ ಒಂದು ಯಂತ್ರಕ್ಕೆ ತಾನಾಗಿ ಕಾಗದ ಬರೆಯುವುದು ಅಂತಸ್ತಿಗೆ ಕಡಿಮೆಯೆಂದು ನನಗೇ ಎರಡು ದಿನ ಅನ್ನಿಸುತ್ತಿತ್ತಾದರೂ, ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ತಾವು ನನ್ನ ಸಂಸಾರದ ನಡುವೆ ಗರ್ ಎಂದು ಉಗುಳಿದ ಒಂದು ಗೇಣು ಕಾಗದದ ದೆಸೆಯಿಂದ ನನ್ನ ಮನೆ, ನನ್ನ ಅಂಗಡಿ ಮತ್ತು ನನ್ನ ಬಾಯಿ ಮೂರೂ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿರುವುದರಿಂದ, ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲೇ ಬೈಯುವುದು ಕಲಿತವರ ಲಕ್ಷಣವಲ್ಲ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ, ಅದರಲ್ಲೂ ಆರನೆಯದನ್ನು ಎರಡು ಸಲ, ಪ್ರೀತಿಯಿಂದ ಓದಿದವನು. ದೂರಿನ ಅರ್ಜಿ ಬರೆಯುವಾಗ ಮೊದಲ ಪುಟ ಪೂರ್ತಿ ಹೊಗಳಬೇಕು, ಎರಡನೆಯ ಪುಟದಲ್ಲಿ ತೊಂದರೆ ಹೇಳಬೇಕು, ಮೂರನೆಯ ಪುಟಕ್ಕೆ ಹೋದರೆ ಅಂಚೆ ಚೀಟಿ ದಂಡ ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಆ ಪ್ರಕಾರ ಹೇಳುವುದಾದರೆ, ತಮ್ಮಂಥ ಗಂಭೀರರನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ದಿನವಿಡೀ ನಗುವನ್ನೇ ಅಳೆಯುತ್ತಾ ಒಂದೇ ಒಂದು ಸಲ ತುಟಿ ಅಲುಗಿಸದಿರುವುದೆಂದರೆ, ಬೆಣ್ಣೆ ತೂಗುವವನು ಬೆರಳು ನೆಕ್ಕದೆ ಮನೆಗೆ ಹೋದಂತೆ. ನನ್ನ ಕಥೆ ಕೇಳುತ್ತಾ ತಾವು ನಿಂತಿದ್ದ ನಿಲುವನ್ನು ಕಂಡು, ಸಾಲ ಕೇಳಲು ಬಂದವನ ಮುಂದೆ ನಿಂತ ಶ್ರೀಮಂತನೂ ಇಷ್ಟು ಕಲ್ಲಾಗಿರಲಾರ ಎಂದುಕೊಂಡೆ. ಇಷ್ಟು ಹೊಗಳಿಕೆ ಸಾಕೆಂದು ಭಾವಿಸಿ ಎರಡನೆಯ ಪುಟಕ್ಕೆ ಬರುತ್ತೇನೆ.

ತಮಗೆ ನನ್ನ ದನಿ ಗೊತ್ತೇ ಹೊರತು ಕಸುಬು ಗೊತ್ತಿಲ್ಲ. ಬಸ್ ನಿಲ್ದಾಣದ ಹಿಂದೆ, ಮೇಲಿನ ಮಹಡಿಯ ಹಲ್ಲಿನ ಡಾಕ್ಟರರ ಷಾಪಿಗೆ ಹೋಗುವ ಮೆಟ್ಟಿಲಿನ ಕೆಳಗೆ, ಮೂರಡಿ ಅಗಲದ ಅಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುತ್ತೇನೆ. ಬಾಗಿಲ ಮೇಲೆ ಪೇಂಟರ್ ಬರೆದ ಬೋರ್ಡಿದೆ: ‘ಇಲ್ಲಿ ಡೂಪ್ಲಿಕೇಟ್ ಕೀ ಮಾಡಿಕೊಡಲಾಗುವುದು.’ ಅದರ ಕೆಳಗೆ ನಾನೇ ಸೀಮೆಸುಣ್ಣದಲ್ಲಿ ಬರೆದದ್ದಿದೆ: ‘ನಗು ಮಾತ್ರ ಒರಿಜಿನಲ್.’ ಈ ಎರಡನೆಯ ಸಾಲನ್ನು ಮಂಗಳವಾರ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕಾಯಿತೆಂಬುದೇ ಈ ಪತ್ರದ ಸಾರಾಂಶ. ಅವಸರದಲ್ಲಿರುವ ಓದುಗರು ಇಲ್ಲಿಗೇ ನಿಲ್ಲಿಸಬಹುದು. ತಾವು ನಿಲ್ಲಿಸಬಾರದು.

ಆಗಿದ್ದು ಇಷ್ಟು. ತಮ್ಮ ಆರೈಕೆ ಮಾಡುವ ವಿಜ್ಞಾನಿ ಮೇಡಂ ಒಂದು ದಿನ ಬೀರುವಿನ ಕೀ ಕಳೆದುಕೊಂಡು ನನ್ನಲ್ಲಿಗೆ ಬಂದರು. ಕೀ ಅರೆಯುವಾಗ ಗಿರಾಕಿಗೆ ಬೇಸರವಾಗಬಾರದೆಂದು ನಾನು ಒಂದು ಕಥೆ ಹೇಳುವ ರೂಢಿ. ಕಥೆ ಒಂದೇ, ಗಿರಾಕಿಗಳು ಬೇರೆ. ಪಕ್ಕದ ಬೀದಿಯಲ್ಲೂ ಒಬ್ಬ ಬೀಗದವನಿದ್ದಾನೆ. ಅವನು ಒಮ್ಮೆ ತನ್ನ ಮನೆಗೆ ತಾನೇ ಬಂದು, ಬಾಗಿಲಿಗೆ ಬೀಗವಿರುವುದನ್ನು ಕಂಡು, ಜೇಬು ತಡಕಿ, ಕೀ ಕಳೆದುಹೋಯಿತೆಂದು ನಿರ್ಧರಿಸಿ, ಚೀಲದಿಂದ ಹದಿನಾಲ್ಕು ಬಗೆಯ ಕೊಕ್ಕೆಗಳನ್ನು ತೆಗೆದು, ಮುಕ್ಕಾಲು ಗಂಟೆ ಬೆವರು ಸುರಿಸಿ, ಕೊನೆಗೆ ಸ್ವಂತ ಬೀಗವನ್ನೇ ಒಡೆದು ಒಳಗೆ ಹೋಗಿ ಕನ್ನಡಿ ನೋಡಿಕೊಂಡರೆ, ಕೀ ಹಲ್ಲಿನ ನಡುವೆ ಇದೆ. ಎರಡೂ ಕೈಗೆ ಕೆಲಸವೆಂದು ಬಾಯಲ್ಲಿ ಕಚ್ಚಿಕೊಂಡಿದ್ದ! ಇದನ್ನು ಕೇಳಿ ಮೇಡಂ ನಕ್ಕರು. ನಕ್ಕು, “ಅಂಕಲ್, ನೀವು ನಮ್ಮ ಲ್ಯಾಬಿಗೆ ಬರ್ಲೇಬೇಕು, ನಿಮ್ಮಂಥೋರನ್ನೇ ಹುಡುಕ್ತಾ ಇದ್ವಿ” ಅಂದರು. ನಾನು ಆ ದಿನ ಅವರಿಂದ ಕೀಗೆ ದುಡ್ಡು ತೆಗೆದುಕೊಳ್ಳಲಿಲ್ಲ. ‘ನಿಮ್ಮಂಥವರು’ ಎಂದರೆ ‘ಎದುರಿಗಿನವರು ನಿಜವಾಗಿಯೇ ನಗುತ್ತಿದ್ದಾರೆಂದು ಮನಸಾರೆ ನಂಬಿರುವವರು’ ಎಂದು ಅವರ ಸಂಶೋಧನೆಯ ಭಾಷೆಯಲ್ಲಿ ಅರ್ಥವಂತೆ. ಅದು ತಿಳಿದದ್ದು ಆಮೇಲೆ. ಕೀಗೆ ದುಡ್ಡು ಕೇಳಲು ಈಗ ಹೊತ್ತು ಮೀರಿದೆ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಈ ಆಹ್ವಾನದ ಸುದ್ದಿಯನ್ನು, ವಿದೇಶದಿಂದ ಬಂದಿತೇನೋ ಎಂಬಷ್ಟು ಗತ್ತಿನಲ್ಲಿ ಹೇಳಿದೆ. ನನ್ನ ಬಾಮೈದ ಊಟಕ್ಕೆ ಬಂದಿದ್ದ. ಅವನು ಲಾರಿ ತೂಗುವ ಕಟ್ಟೆಯಲ್ಲಿ ಗುಮಾಸ್ತ. ತುಂಬಿದ ಲಾರಿ ತೂಗಿ, ಖಾಲಿ ಲಾರಿ ತೂಗಿ, ಒಂದರಿಂದ ಒಂದು ಕಳೆದು ಚೀಟಿ ಬರೆಯುವುದು ಅವನ ಜೀವನ. ಅನ್ನವನ್ನೂ ಅಂದಾಜಿನಲ್ಲಿ ಬಡಿಸಿಕೊಳ್ಳುವವನಲ್ಲ. ಅವನು ತುತ್ತು ಕೆಳಗಿಟ್ಟು, “ಭಾವ, ತಪ್ಪು ತಿಳ್ಕೋಬೇಡಿ, ಅಕ್ಕ ನಿಮ್ಮ ಕಥೆಗೆ ನಗೋದು ಬಸ್ಸಲ್ಲಿ ಟಿಕೆಟ್ ತಗೊಂಡ ಹಾಗೆ. ತಗೊಳ್ದೆ ಇದ್ರೆ ಕೆಳಗೆ ಇಳಿಸ್ತಾರೆ ಅಂತ ತಗೋತಾಳೆ. ಅವಳ ನಗೂನಲ್ಲಿ ಮರ್ಯಾದೆ ಕಳೆದ್ರೆ ಉಳಿಯೋದು ಖಾಲಿ ಲಾರಿ” ಅಂದ. ಮೂವತ್ತೊಂದು ವರ್ಷ ನನ್ನ ಜೊತೆ ಬಾಳಿದ ಹೆಂಡತಿಯ ಬಗ್ಗೆ ಇಂಥ ಮಾತು! ನಾನು ತಕ್ಷಣ ಅದೇ ಕಥೆಯನ್ನು ಹೇಳಿದೆ. ನನ್ನ ಮನೆಯಾಕೆ ಸಾರಿನ ಸೌಟು ಹಿಡಿದುಕೊಂಡೇ “ಹಿ, ಹಿ, ಹಿ” ಎಂದು ಮೂರು ಸಲ ನಕ್ಕಳು. ಒಂದೇ ಅಚ್ಚಿನಿಂದ ಅರೆದ ಮೂರು ಕೀಗಳಂತೆ ಮೂರೂ ಒಂದೇ ಉದ್ದ. ನೋಡಿದೆಯಾ ಎಂದೆ. “ನೋಡಿದೆ, ತೂಗಿಸಿ” ಎಂದ. ಹೀಗೆ ಪಂದ್ಯ ಕಟ್ಟಿದೆವು. ಮೊತ್ತ ಐವತ್ತು. ನನ್ನ ಮನೆಯ ದಾಖಲೆಯಲ್ಲಿ ಇವತ್ತಿಗೂ ಅದು ಐವತ್ತೇ ಆಗಿದೆ.

ಮಂಗಳವಾರ ಮೂವರೂ ಬಂದೆವು. ಪ್ರವೇಶದ ಫಾರಂ ತುಂಬುವಾಗಲೇ ಅಪಶಕುನವಾಯಿತು, ಮತ್ತು ಅದರಲ್ಲಿ ತಮ್ಮ ಕಚೇರಿಯದೂ ತಪ್ಪಿದೆ. ಒಬ್ಬೊಬ್ಬರಿಗೂ ಒಂದು ಫಾರಂ. ಹೆಂಡತಿಯದನ್ನೂ ಯಜಮಾನನ ಠೀವಿಯಿಂದ ನಾನೇ ತುಂಬಿದೆ. ‘ಹೊಟ್ಟೆಯಲ್ಲಿ ಹುಣ್ಣು ಇದೆಯೇ?’ ಎಂದು ಕೇಳಿತ್ತು. ನಗುವಿನ ಸಂಶೋಧನಾಲಯದವರು ಇನ್ನಾವ ಹುಣ್ಣನ್ನು ಕೇಳಿಯಾರು? ‘ಇದೆ. ಮೂವತ್ತೊಂದು ವರ್ಷದಿಂದ. ದಿನಕ್ಕೆ ಎರಡು ಸಲ. ಕಾರಣ: ನಾನು’ ಎಂದು ಹೆಮ್ಮೆಯಿಂದ ಬರೆದೆ. ‘ಇತ್ತೀಚೆಗೆ ಬಿದ್ದದ್ದುಂಟೇ?’ ಎಂಬ ಪ್ರಶ್ನೆಗೆ ‘ಬಿದ್ದೂ ಬಿದ್ದೂ ನಕ್ಕಿದ್ದಾಳೆ’ ಎಂದೆ. ‘ಉಸಿರು ಕಟ್ಟುತ್ತದೆಯೇ?’ ಎಂಬಲ್ಲಿ ‘ಕಥೆಯ ಕೊನೆಗೆ’ ಎಂದೆ. ಐದು ನಿಮಿಷದಲ್ಲಿ ಬಿಳಿ ಕೋಟಿನ ಡಾಕ್ಟರಮ್ಮ ಓಡಿಬಂದು ನನ್ನ ಮುಖವನ್ನು ಪೊಲೀಸಿನವರು ನೋಡುವ ಹಾಗೆ ನೋಡಿ, ನನ್ನ ಹೆಂಡತಿಯ ತೋಳು ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹೊಟ್ಟೆ ಒತ್ತಿ ನೋಡಿದರಂತೆ, ಮೊಣಕಾಲು ತಟ್ಟಿ ನೋಡಿದರಂತೆ, “ಮನೇಲಿ ಯಾರಾದ್ರೂ ತೊಂದ್ರೆ ಕೊಡ್ತಾರಾ ಅಮ್ಮ, ಧೈರ್ಯವಾಗಿ ಹೇಳಿ” ಎಂದೂ ಕೇಳಿದರಂತೆ.

ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಆ ಅರ್ಧ ಗಂಟೆಯಲ್ಲಿ ಬಾಮೈದನಿಗೂ ನನಗೂ ನಡೆದ ಕೆಲವು ಮಾತುಕತೆಗಳು ಈ ಪತ್ರಕ್ಕೆ ಅನಗತ್ಯ. ಅಗತ್ಯವಾದದ್ದು ಒಂದು: ಗೋಡೆಯ ಆಚೆಯಿಂದ ಒಂದು ನಗು ಕೇಳಿಸಿತು. ಅಂಥ ನಗುವನ್ನು ನಾನು ಕೇಳಿರಲಿಲ್ಲ. ವರ್ಷಗಟ್ಟಲೆ ಎತ್ತದೆ ಬಿಟ್ಟ ಅಂಗಡಿಯ ಷಟರ್ ಮೊದಲು ಕಿರ್ರೆಂದು ಸಿಕ್ಕಿಕೊಂಡು, ತಡೆದು, ಇನ್ನೊಮ್ಮೆ ಕಿರ್ರೆಂದು, ಆಮೇಲೆ ಇದ್ದಕ್ಕಿದ್ದ ಹಾಗೆ ಗರಗರಗರನೆ ಮೇಲಕ್ಕೆ ಹಾರಿಹೋಗುತ್ತದಲ್ಲ, ಹಾಗಿತ್ತು. ಕೇಳಿದ ನನಗೂ ಬಾಯಿ ತಾನಾಗಿ ತೆರೆಯಿತು. ಯಾರೋ ಭಾಗ್ಯವಂತೆ, ಒಳಗೆ ಯಾರೋ ನನಗಿಂತ ಒಳ್ಳೆಯ ಕಥೆಗಾರನಿದ್ದಾನೆಂದು ಹೊಟ್ಟೆಕಿಚ್ಚಾಗಿ, ಯಾರದಯ್ಯಾ ಅದು ಎಂದು ಬಾಮೈದನನ್ನು ಕೇಳಿದೆ. “ಭಾವ, ಅದು ಅಕ್ಕ” ಅಂದ. “ಚಿಕ್ಕೋಳಿದ್ದಾಗಿಂದ ಅವಳು ನಗೋದೇ ಹಾಗೆ. ನೀವು ಕೇಳಿಲ್ವಾ?”

ಕೇಳಿದ್ದೇನೆ, ದಿನಾ ಕೇಳುತ್ತೇನೆ, ನನಗೆ ಹೇಳಿಕೊಡಬೇಡ ಎಂದು ಗದರಿಸಿದೆ. ಹೇಳಿದ್ದು ಸುಳ್ಳೆಂದು ತಮಗೆ ಮಾತ್ರ ಗುಟ್ಟಾಗಿ, ಈ ಬಹಿರಂಗ ಪತ್ರದಲ್ಲಿ, ತಿಳಿಸುತ್ತಿದ್ದೇನೆ. ಡಾಕ್ಟರಮ್ಮ ಫಾರಂ ಓದಿ ಹೇಳಿದ್ದಕ್ಕೆ ಆಕೆ ಹಾಗೆ ನಕ್ಕಳಂತೆ. ಅಂದರೆ ನಾನೇ ಬರೆದ ಮಾತಿಗೆ. ಆದರೆ ನಗಿಸಲೆಂದು ಬರೆದದ್ದಲ್ಲ. ಮತ್ತು ಆ ಹೊತ್ತಿನಲ್ಲಿ, ಮಾನ್ಯರೇ, ತಾವು ಪಕ್ಕದ ಕೋಣೆಯಲ್ಲಿ ಸ್ವಿಚ್ ಆರಿಸಿಕೊಂಡು ಸುಖವಾಗಿ ನಿದ್ರಿಸುತ್ತಿದ್ದಿರಿ. ಇದು ನನ್ನ ಮೊದಲನೆಯ ತಕರಾರು.

ನಂತರ ನಡೆದದ್ದು ತಮ್ಮೆದುರಿಗೇ ಆದ್ದರಿಂದ ಓದುಗರಿಗಾಗಿ ಮಾತ್ರ ಹೇಳುತ್ತೇನೆ. ನನ್ನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊಟ್ಟೆಗೆ ಪಟ್ಟಿ ಬಿಗಿದರು. ಕೆನ್ನೆಗೊಂದು, ಕಣ್ಣಿನ ಅಂಚಿಗೊಂದು ಗುಂಡಿಯಷ್ಟು ಬಿಲ್ಲೆ ಅಂಟಿಸಿದರು. ಆಕೆ ದರ್ಜಿ ಅಂಗಡಿಗೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುವವಳು; “ಇದಕ್ಕೆ ನಾಲ್ಕು ತೂತಾ, ಎರಡಾ” ಎಂದು ವಿಚಾರಿಸಿದಳು. ನಿಜವಾದ ನಗುವಿಗೆ ಕಣ್ಣಿನ ಅಂಚು ಸುಕ್ಕಾಗುತ್ತದೆ, ಮರ್ಯಾದೆಯ ನಗುವಿಗೆ ತುಟಿ ಒಂದೇ ದುಡಿಯುತ್ತದೆ, ಮನುಷ್ಯ ತುಟಿಯನ್ನು ಬೇಕಾದಂತೆ ಎಳೆದುಕೊಳ್ಳಬಲ್ಲ, ಆದರೆ ಕಣ್ಣು ಅಷ್ಟು ಸುಲಭಕ್ಕೆ ಹೇಳಿದ ಮಾತು ಕೇಳುವುದಿಲ್ಲ ಎಂದು ಮೇಡಂ ವಿವರಿಸಿದರು. ತಾವು ಆ ಎರಡನ್ನೂ ಬೇರೆ ಮಾಡಿ ‘ಒಳನಗು’, ‘ಮರ್ಯಾದೆ ನಗು’ ಎಂದು ನೂರಕ್ಕೆ ಇಷ್ಟಿಷ್ಟೆಂದು ಪಾಲು ಹಾಕುವವರು. ಒಳನಗು ಐವತ್ತು ದಾಟಿದರೆ ಪಂದ್ಯ ನನ್ನದು. ಆಗ ತಮ್ಮ ಹೊಟ್ಟೆಯೊಳಗಿಂದ ಒಂದು ಹೆಣ್ಣು ದನಿ, “ದಯವಿಟ್ಟು ಸಹಜವಾಗಿರಿ” ಎಂದಿತು. ಆ ಮಾತು ಕೇಳಿದ ಮೇಲೆ ಸಹಜವಾಗಿರಬಲ್ಲ ಪ್ರಾಣಿ ಇದ್ದರೆ ಅದನ್ನೇ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಬೇಕಿತ್ತು, ಮನುಷ್ಯರಿಂದ ಸಾಧ್ಯವಿಲ್ಲ. ಇದು ಎರಡನೆಯ ತಕರಾರು.

ನಾನು ಕಥೆ ಹೇಳಿದೆ. ಹೇಗೆ ಹೇಳಿದೆನೆಂದರೆ, ಕೊಕ್ಕೆಗಳು ಕೈಯಲ್ಲಿ ಕಾಣಬೇಕು, ಬೆವರು ನೆಲದ ಮೇಲೆ ಬೀಳಬೇಕು. ಮೂಲೆಯಲ್ಲಿ ನಿಂತ ಕಾವಲಿನವನು ನಕ್ಕ. ಮೇಡಂ ನಕ್ಕರು. “ಕೀ ಹಲ್ಲಿನ ನಡುವೆ!” ಎಂದು ಮುಗಿಸಿ ಎರಡೂ ಕೈ ಚಾಚಿದಾಗ ನನ್ನ ಹೆಂಡತಿ “ಹಿ, ಹಿ, ಹಿ” ಎಂದಳು. ತಾವು ಗರ್ ಎಂದಿರಿ. ಕಾಗದ ಬಂತು. ಒಳನಗು ನಾಲ್ಕು, ಮರ್ಯಾದೆ ನಗು ತೊಂಬತ್ತಾರು.

ಮಾನ್ಯರೇ, ಆರನೆಯ ತರಗತಿಯ ಗಣಿತದಲ್ಲಿ ನನಗೆ ಮೊದಲ ಸಲ ಬಂದದ್ದು ಹನ್ನೊಂದು. ಆ ಹನ್ನೊಂದನ್ನು ಕೊಟ್ಟ ಮೇಷ್ಟ್ರ ಮುಖದಲ್ಲಾದರೂ ಒಂದಿಷ್ಟು ಪಶ್ಚಾತ್ತಾಪವಿತ್ತು.

ನನ್ನ ಮುಖ ನೋಡಿ ಕನಿಕರಗೊಂಡ ಮೇಡಂ ನಗುವಿನ ಶಾಸ್ತ್ರ ಹೇಳಿಕೊಟ್ಟು ಸಮಾಧಾನ ಮಾಡಿದರು. ಜನ ಯಾಕೆ ನಗುತ್ತಾರೆಂಬುದಕ್ಕೆ ಪಂಡಿತರಲ್ಲಿ ಹಲವು ಪಂಗಡಗಳಂತೆ. ಎದುರಿಗಿನವನು ಜಾರಿ ಬಿದ್ದಾಗ ನಾವು ನಿಂತಿದ್ದೇವಲ್ಲ ಎಂಬ ಖುಷಿಗೆ ನಗುತ್ತೇವೆಂದು ಒಂದು ಪಂಗಡ; ಬಲಕ್ಕೆ ತಿರುಗುತ್ತದೆಂದು ಕಾದಿದ್ದ ಕೀ ಎಡಕ್ಕೆ ತಿರುಗಿದಾಗ ಆಗುವ ಬೆರಗಿಗೆ ನಗುತ್ತೇವೆಂದು ಇನ್ನೊಂದು (ಕೀ ಎಂಬ ಉದಾಹರಣೆ ನನ್ನದು, ಅವರು ಬಹಳ ಮೆಚ್ಚಿ ಬರೆದುಕೊಂಡರು); ಒಳಗೆ ಕಟ್ಟಿಕೊಂಡ ಬಿಗಿ ಹೊರಹೋಗುವ ದಾರಿ ನಗು ಎಂದು ಮತ್ತೊಂದು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿ ಬಹಳ ಪಾಲು ಹೆಚ್ಚು ನಗುತ್ತಾರಂತೆ. ಇಲಿಗೆ ಕಚಗುಳಿಯಿಟ್ಟರೆ ಅದೂ ನಗುತ್ತದಂತೆ, ಆದರೆ ನಮ್ಮ ಕಿವಿಗೆ ನಿಲುಕದಷ್ಟು ಸಣ್ಣ ದನಿಯಲ್ಲಿ. ನಮ್ಮ ಅಟ್ಟದ ಮೇಲೆ ಇಷ್ಟು ವರ್ಷ ಯಾರನ್ನು ನೋಡಿ ಯಾರು ನಗುತ್ತಿದ್ದರೆಂದು ಅಂದಿನಿಂದ ನನಗೆ ಚಿಂತೆ ಹತ್ತಿದೆ. ತನಗೆ ತಾನೇ ಕಚಗುಳಿಯಿಟ್ಟುಕೊಳ್ಳಲು ಯಾರಿಗೂ ಆಗದೆಂದೂ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಪರೀಕ್ಷಿಸಿದೆ, ನಿಜ, ನಗು ಬರಲಿಲ್ಲ, ಆದರೆ ಪಕ್ಕದ ಸೀಟಿನವರು ಎದ್ದುಹೋಗಿ ಜಾಗ ವಿಶಾಲವಾಯಿತು. ಎಲ್ಲಕ್ಕಿಂತ ನನ್ನ ಹೊಟ್ಟೆಗೆ ಹೊಡೆದದ್ದು ಇದು: ಮಾತುಕತೆಯ ನಡುವೆ ಜನ ನಗುವುದರಲ್ಲಿ ಹೆಚ್ಚಿನದು ಹಾಸ್ಯಕ್ಕಲ್ಲವಂತೆ, “ಸರಿ, ಬರ್ತೀನಿ”, “ಅಯ್ಯೋ, ಮಳೆ ಬಂತಲ್ಲ” ಎಂಬಂಥ ಸಪ್ಪೆ ಮಾತಿಗಂತೆ. ಹಾಗಾದರೆ ಮೂವತ್ತೊಂದು ವರ್ಷ ಕಥೆಗೆ ಮಸಾಲೆ ಅರೆದ ನನ್ನ ಕೈಗೆ ಏನು ಬೆಲೆ? ಹೋಗಿಬರ್ತೀನಿ ಅಂದಿದ್ದರೆ ಸಾಕಿತ್ತಲ್ಲ!

ಅಷ್ಟರಲ್ಲಿ ಬಾಮೈದ, ಚೀಟಿ ಓದುವ ಚಟದವನು, ತಮ್ಮ ಕಾಗದವನ್ನು ಬೆಳಕಿಗೆ ಹಿಡಿದು, “ಮೇಡಂ, ಇಲ್ಲೊಂದು ಗೆರೆ ಮೇಲಕ್ಕೆ ಹೋಗಿದೆಯಲ್ಲ, ಇದೇನು?” ಎಂದು ಕೇಳಿದ. ಕಥೆಯ ಕೊನೆಯಲ್ಲಿ ಅಲ್ಲ, ನಡುವೆ, ಒಂದೇ ಒಂದು ಕಡೆ, ಒಳನಗುವಿನ ಗೆರೆ ತೆಂಗಿನ ಮರ ಹತ್ತಿದಂತೆ ಎಂಬತ್ತೆಂಟಕ್ಕೆ ಹತ್ತಿ ಇಳಿದಿತ್ತು. ಹೊರಗೆ ಒಂದು ಸದ್ದಿಲ್ಲ, ತುಟಿ ಅಲುಗಿಲ್ಲ, ಕಣ್ಣಿನ ಅಂಚು ಮಾತ್ರ. ಮೇಡಂ ಧ್ವನಿಮುದ್ರಿಕೆ ಹಾಕಿ ಆ ಕ್ಷಣಕ್ಕೆ ನಾನು ಹೇಳುತ್ತಿದ್ದ ಮಾತು ಯಾವುದೆಂದು ಹುಡುಕಿದರು. “ಆಗ ಆ ಪಕ್ಕದ ಬೀದಿಯವನ ಮುಖ ನೀವು ನೋಡಬೇಕಿತ್ತು” ಎಂಬ ಮಾತು. ಇದರಲ್ಲಿ ನಗುವಂಥದ್ದೇನಿದೆಯೆಂದು ಮೇಡಂ ತಲೆ ಕೆರೆದುಕೊಂಡರು. ಬಾಮೈದ ತಲೆ ಕೆರೆದುಕೊಂಡ. ನನ್ನ ಹೆಂಡತಿ ಬಿಲ್ಲೆ ಅಂಟಿಸಿದ ಕಣ್ಣನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂತಳು. ನಾನು ಶೂಲೇಸ್ ಕಟ್ಟಿಕೊಳ್ಳಲು ಬಗ್ಗಿದೆ. ಹಾಕಿಕೊಂಡಿದ್ದದ್ದು ಚಪ್ಪಲಿ.

ನಾಲ್ಕೆಂಬುದು ಜಗತ್ತಿಗೆಲ್ಲ ಗೊತ್ತಾಗಿರುವಾಗ ಇನ್ನು ಇದನ್ನು ಮುಚ್ಚಿಡುವುದೇನು. ಪಕ್ಕದ ಬೀದಿಯಲ್ಲಿ ಬೀಗದವನೇ ಇಲ್ಲ. ಹಲ್ಲಿನಲ್ಲಿ ಕೀ ಕಚ್ಚಿಕೊಂಡು ಮುಕ್ಕಾಲು ಗಂಟೆ ಬೆವತವನು ನಾನು. ಮದುವೆಯಾಗಿ ಮೂರು ತಿಂಗಳಾಗಿತ್ತು. ಆಕೆ ತರಕಾರಿ ಚೀಲ ಹಿಡಿದು ಹಿಂದೆ ಮೆಟ್ಟಿಲ ಮೇಲೆ ನಿಂತು ಅಷ್ಟೂ ಹೊತ್ತು ನೋಡಿದ್ದಳು, ಗಂಡ ಏನೋ ಹೊಸ ವಿದ್ಯೆ ತೋರಿಸುತ್ತಿದ್ದಾನೆಂದುಕೊಂಡು ಮಾತಾಡಿಸಿರಲಿಲ್ಲ. ಆ ಮುಖವನ್ನು ನೋಡಬೇಕಿದ್ದವರು ಯಾರೂ ನೋಡಿಲ್ಲ, ಆಕೆಯೊಬ್ಬಳನ್ನು ಬಿಟ್ಟು. ಅದನ್ನು ನಾನು ಮೂವತ್ತೊಂದು ವರ್ಷದಿಂದ ಆಕೆಗೇ ಹೇಳುತ್ತಾ ಬಂದಿದ್ದೇನೆ.

ಬಸ್ಸಿನಿಂದ ಇಳಿದು ನಡೆಯುವಾಗ ಕೇಳಿಯೇಬಿಟ್ಟೆ, ಹಾಗಾದರೆ ಆ ಹಿ ಹಿ ಹಿ ಯಾವಾಗಿನಿಂದ ಡೂಪ್ಲಿಕೇಟು ಎಂದು. “ಮೊದಮೊದಲು ನಿಜವಾಗ್ಲೂ ನಗ್ತಿದ್ದೆ ರೀ, ಒಂದೆರಡು ಸಲ” ಅಂದಳು. “ಆಮೇಲೆ ಕಥೆ ಮುಗಿಸಿ ನೀವು ಕೈ ಚಾಚ್ಕೊಂಡು ನಿಂತಿರ್ತಿದ್ರಿ. ಪಾಪ ಅನ್ನಿಸ್ತಿತ್ತು. ಮೂರು ಸಲ ಹಿ ಅಂದ್ರೆ ಕೈ ಕೆಳಗಿಳಿಸ್ತಿದ್ರಿ.” ನಾನು ಒಂದು ಸಲ ಅಂದಿದ್ದರೂ ಇಳಿಸುತ್ತಿದ್ದೆ ಎಂದೆ. “ಒಂದಕ್ಕೆ ಇಳಿಸ್ತಿರ್ಲಿಲ್ಲ, ನೋಡಿದ್ದೀನಿ” ಅಂದಳು.

ಈಗ ನೋಡಿ, ಮಾನ್ಯರೇ, ತಮ್ಮ ಸತ್ಯನಿಷ್ಠೆಯ ಫಲ. ಮಂಗಳವಾರದಿಂದ ಆ ಹಿ ಹಿ ಹಿ ನಿಂತುಹೋಗಿದೆ. ಇನ್ನು ಯಾರಿಗೆ ಮುಚ್ಚುಮರೆ ಎಂಬ ನೆಮ್ಮದಿಯಲ್ಲಿ, ನಾನು ಕಥೆ ಮುಗಿಸಿ ಕೈ ಚಾಚಿದರೆ ಆಕೆ ಕಾಜಾದಿಂದ ತಲೆಯೆತ್ತದೆ “ನಾಲ್ಕು” ಅನ್ನುತ್ತಾಳೆ. ಬಾಮೈದ ಸುದ್ದಿಯನ್ನು ಲಾರಿಗೊಂದರಂತೆ ತುಂಬಿ ಕಳಿಸಿರುವುದರಿಂದ ಬೀದಿಯವರಿಗೂ ಈ ಚಾಳಿ ಅಂಟಿದೆ. ಹಲ್ಲಿನ ಡಾಕ್ಟರು ಮೆಟ್ಟಿಲಿಳಿಯುತ್ತಾ “ಮಾಮ, ಇವತ್ತಿಂದು ಏಳು” ಅನ್ನುತ್ತಾರೆ. ಹಲ್ಲು ಕೀಳಿಸಿಕೊಂಡು ಬಂದವರು ಮಾತಾಡಲಾಗದೆ ಎರಡು ಬೆರಳು ತೋರಿಸಿ ಹೋಗುತ್ತಾರೆ. ಗಿರಾಕಿಗಳಿಗೆ ಕಥೆ ಹೇಳಲು ಧೈರ್ಯವಿಲ್ಲದೆ ಬರೀ ಕೀ ಮಾಡಿಕೊಡುತ್ತಿದ್ದೇನೆ. ಅಂಗಡಿಯಲ್ಲಿ ಹಳೆಯ ಕಟಿಂಗ್ ಮೆಷಿನ್ನಿನ ಮೋಟಾರು ಕೀಚಲು ದನಿಯಲ್ಲಿ ಕಿರುಚುವುದೊಂದೇ ಸದ್ದು. ಹೊಸ ಮೋಟಾರಿಗೆ ದುಡ್ಡು ಕೂಡಿಟ್ಟಾಗಿತ್ತು, ಈ ವಾರವೇ ತರಬೇಕಿತ್ತು, ಆದರೆ ಮೋಟಾರಿನ ಅಂಗಡಿಯವನು ಊರಲ್ಲಿಲ್ಲ. ಹೀಗೆಂದು ಮನೆಯಲ್ಲಿ ತಿಳಿಸಿದ್ದೇನೆ, ಇಲ್ಲಿಯೂ ಅದನ್ನೇ ತಿಳಿಸುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಹೀಗಿವೆ. ಮೊದಲನೆಯದಾಗಿ ತಾವು ಆ ನಾಲ್ಕನ್ನು ನಲವತ್ತೆಂದು ತಿದ್ದಬೇಕು. ಸೊನ್ನೆಗೆ ಬೆಲೆಯಿಲ್ಲವೆಂದು ಶಾಲೆಯಲ್ಲಿ ಹೇಳಿಕೊಟ್ಟಿರುವುದರಿಂದ ಒಂದು ಸೊನ್ನೆ ಸೇರಿಸಲು ತಮಗೇನೂ ಖರ್ಚಿಲ್ಲ. ಅದು ಆಗದಿದ್ದರೆ, ಮೂವತ್ತೊಂದು ವರ್ಷ, ದಿನಕ್ಕೆ ಎರಡು ಹೊತ್ತು, ಒಂದು ಹೊತ್ತೂ ತಪ್ಪದೆ, ತಲೆನೋವಿದ್ದಾಗಲೂ, ಕರೆಂಟು ಹೋಗಿ ಯಾರಿಗೂ ಕಾಣದಿದ್ದಾಗಲೂ ನಕ್ಕ ಮರ್ಯಾದೆಯ ನಗುವಿಗೆ ತಮ್ಮ ಕಾಗದದಲ್ಲಿ ಬೇರೆಯೇ ಒಂದು ಕಾಲಂ ಮಾಡಬೇಕು. ತಾವು ಅದನ್ನು ಒಳನಗುವಿನಿಂದ ಕಳೆದು ಪಕ್ಕಕ್ಕೆ ತಳ್ಳುತ್ತೀರಿ. ನನ್ನ ಬಾಮೈದನ ಭಾಷೆಯಲ್ಲಿ ಅದು ಖಾಲಿ ಲಾರಿ. ಆದರೆ ಸ್ವಾಮಿ, ಸರಕು ಹೊತ್ತು ತಂದದ್ದು ಆ ಲಾರಿಯೇ ಅಲ್ಲವೇ? ನಾನು ಕೀ ಅರೆಯುವವನು. ಡೂಪ್ಲಿಕೇಟ್ ಕೀಯನ್ನು ಹೀನಾಯ ಮಾಡುವವರು ಬಹಳ ಮಂದಿ. ಒರಿಜಿನಲ್ ಕಳೆದುಹೋದ ದಿನ ಬಾಗಿಲು ತೆರೆದು ಮನೆಯೊಳಗೆ ಸೇರಿಸುವುದು ಅದೇ.

ಕೊನೆಯದಾಗಿ, ತಾವು ಒಂದು ದಿನ ಬಿಡುವು ಮಾಡಿಕೊಂಡು, ಆ ನಾಲ್ಕು ಚಕ್ರಗಳ ಮೇಲೆ ಉರುಳುತ್ತಾ ನಮ್ಮ ಮನೆಗೆ ದಯಮಾಡಿಸಬೇಕು. ಮೆಟ್ಟಿಲು ಹತ್ತಿಸಲು ಬಾಮೈದನಿದ್ದಾನೆ, ಭಾರವೆಂದರೆ ಅವನಿಗೆ ಪ್ರೀತಿ. ಒಲೆಯ ಪಕ್ಕ ಪ್ಲಗ್ ಪಾಯಿಂಟ್ ಇದೆ. ಅಲ್ಲಿ ಸದ್ದು ಮಾಡದೆ ನಿಂತು, ಯಾರಿಗೂ ಸಹಜವಾಗಿರಿ ಎಂದು ಹೇಳದೆ ಕಾಯಬೇಕು. ಗೋಡೆಯಾಚೆಯಿಂದ ಒಮ್ಮೆ ಕೇಳಿದ ಆ ಷಟರಿನ ನಗು ನನ್ನ ಎದುರಿಗೆ ಒಂದು ಸಲವಾದರೂ ಮೇಲೇಳುತ್ತದೆಯೇ, ಎದ್ದರೆ ಯಾವ ಮಾತಿಗೆ ಎಂದು ತಿಳಿಯಬೇಕಾಗಿದೆ. ಸಾವಿರ ಬೀಗ ಬಿಚ್ಚಿದ ಕೈ ಇದು; ಮನೆಯ ಬೀಗಕ್ಕೆ ಮಾತ್ರ ಇಷ್ಟು ದಿನ ಬೇರೆ ಕೀ ಹಾಕಿ ತಿರುಗಿಸುತ್ತಿದ್ದೆನೆಂದು ಈ ವಯಸ್ಸಿನಲ್ಲಿ ಗೊತ್ತಾದರೆ ಮನುಷ್ಯ ಏನು ಮಾಡಬೇಕು, ತಾವೇ ಹೇಳಿ. ಗರ್ ಎಂದಾದರೂ ಹೇಳಿ.

ಒಳಗಿನಿಂದ ನಾಲ್ಕರಷ್ಟು, ಮರ್ಯಾದೆಗೆ ತೊಂಬತ್ತಾರರಷ್ಟು,
ತಮ್ಮ ವಿಶ್ವಾಸಿ,
ಬೀಗದ ಮಾಮ
(ನಗುವಿನ ಸಂಶೋಧಕ, ನಿವೃತ್ತ)

ಮರೆತ ಮಾತು: ತಾವು ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಅಂಚೆಗೆ ಹಾಕುವ ಮೊದಲು ಕಾಗುಣಿತ ನೋಡಿಕೊಡೆಂದು ಪತ್ರವನ್ನು ಮನೆಯಾಕೆಗೆ ಕೊಟ್ಟೆ. ನನಗಿಂತ ಎರಡು ಕ್ಲಾಸು ಹೆಚ್ಚು ಓದಿದವಳು. ಪಕ್ಕದ ಬೀದಿಯಲ್ಲಿ ಬೀಗದವನೇ ಇಲ್ಲವೆಂಬ ಸಾಲಿಗೆ ಆಕೆಯ ಷಟರ್ ಕಿರ್ರೆಂದಿತು. ಕೊನೆಯವರೆಗೆ ಓದಿ, ಪುಟ ಹಿಂದಕ್ಕೆ ತಿರುಗಿಸಿ ಪಂದ್ಯದ ಸಾಲಿಗೆ ಬಂದು ನಿಂತು, ನನ್ನ ಕಿವಿಯನ್ನೇ ನೋಡುತ್ತಾ (ಸುಳ್ಳು ಹೇಳುವಾಗ ಅದು ಅಲುಗುತ್ತದಂತೆ, ತಮಗೆ ಈ ವಿದ್ಯೆ ತಿಳಿಯದು), “ಐವತ್ತಾ ರೀ? ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಐವತ್ತಕ್ಕೇ ಬಿಟ್ರಾ? ಮೋಟಾರಿನ ಅಂಗಡಿಯವನು ನಿನ್ನೆ ತಾನೇ ಎದುರು ಸಿಕ್ಕಿದ್ನಲ್ಲ” ಅಂದಳು. ನಾನು ಬಾಯಿಬಿಟ್ಟೆ. ಮಸಾಲೆ ಹಾಕಲಿಲ್ಲ, ಕೈ ಚಾಚಲಿಲ್ಲ. ಷಟರ್ ಒಮ್ಮೆ ಸಿಕ್ಕಿಕೊಂಡಿತು, ಆಮೇಲೆ ಗರಗರಗರನೆ ಹೋಯಿತು ನೋಡಿ! ಗುಂಡಿ ಡಬ್ಬಿ ಉರುಳಿ ನೆಲದ ತುಂಬ ಗುಂಡಿ, ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು, ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಹೇಳಿ, ಎಷ್ಟು?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಾಳೆ. ಮೂರು ಸಲ ಹೇಳಿದ್ದಾಯಿತು, ಮೂರು ಸಲವೂ ಒರಿಜಿನಲ್. ತಮ್ಮ ಬಿಲ್ಲೆ, ಪಟ್ಟಿ, ಕಾಗದ ಯಾವುದಕ್ಕೂ ಸಿಗದೆ ಹೋದದ್ದಕ್ಕೆ ತಮಗಾಗಿ ಮರುಗುತ್ತೇನೆ. ಲೆಕ್ಕಕ್ಕಿರಲಿ ಎಂದು ಆ ಮಾತನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಸೋತದ್ದು ಐವತ್ತಲ್ಲ; ನಾಲ್ಕು ಸಾವಿರದ ಆರುನೂರ ಐವತ್ತು. ಆ ಐವತ್ತು ಅದರೊಳಗೇ ಇದೆ. ಅಷ್ಟರಮಟ್ಟಿಗೆ ನಾನು ಮನೆಯಲ್ಲಿ ಸುಳ್ಳು ಹೇಳಿದವನಲ್ಲ.